ದಾರಿಯಲ್ಲದ ಗೆರೆಗಳು

ಜನವರಿ ೯

ಅತ್ತಿಗೆಗೆ ನಮಸ್ಕಾರ.

ನಿಮ್ಮ ಶಿಬಿರಕ್ಕೆ ಸಾಮಾನಿನ ಜೀಪು ಬರುವುದು ವಾರಕ್ಕೊಂದು ಸಲ, ಅದೂ ಅದರ ಮನಸ್ಸಿಗೆ ಬಂದರೆ. ಹಾಗಾಗಿ ಎಲ್ಲವನ್ನೂ ಒಂದೇ ಲಕೋಟೆಗೆ ತುರುಕಿದ್ದೇನೆ. ಇಷ್ಟು ದಪ್ಪದ ಲಕೋಟೆ ಕಂಡು ಇವನೇನು ಆಸ್ತಿಪತ್ರ ಕಳಿಸಿದನೇ ಎಂದುಕೊಳ್ಳಬೇಡಿ. ಒಳಗಿರುವುದು ನನ್ನ ಎರಡು ವರ್ಷದ ಬೆವರು.

ಪುಸ್ತಕಕ್ಕೆ 'ಕಾಡಿನ ಮೊದಲ ಪದಗಳು' ಎಂದು ಹೆಸರಿಟ್ಟಿದ್ದೇನೆ. ಕಾಡಿನ ಜೀವಜಾಲವನ್ನು ಕೋಣೆಯಲ್ಲಿ ಕೂತು ಓದದೆ ಹೊರಗೆ ಹೋಗಿ ಓದುವ ಮಕ್ಕಳಿಗೆ ಬೇಕಾದ ಮೂಲಪದಗಳು, ಒಂದೊಂದಕ್ಕೂ ಎರಡು ಮೂರು ಸಾಲಿನ ವಿವರಣೆ. ನಮ್ಮ ಕಚೇರಿ ಇಷ್ಟು ದಿನ ಲೆಕ್ಕದ ಪುಸ್ತಕ, ವ್ಯಾಕರಣದ ಪುಸ್ತಕ ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ನಾನೇ ಹಟ ಹಿಡಿದೆ. ಅರಣ್ಯ ಇಲಾಖೆಯವರೂ ಒಪ್ಪಿ ಎಲ್ಲ ವಿದ್ಯಾರ್ಥಿ ಶಿಬಿರಗಳಿಗೂ ಹಂಚುತ್ತಾರಂತೆ, ತಮ್ಮ ಸಿಬ್ಬಂದಿಗೂ ಕೊಡುತ್ತಾರಂತೆ.

ನಾನು ಕಾಡು ನೋಡಿದ್ದು ಚಿಕ್ಕಂದಿನಲ್ಲಿ ಒಂದು ಸಲ, ಅದೂ ಅಣ್ಣನ ಹೆಗಲ ಮೇಲೆ ಕೂತು. ಹತ್ತಾರು ಗ್ರಂಥ ತಿರುವಿಹಾಕಿ ಬರೆದಿದ್ದೇನೆ. ಮೂರನೇ ಮಹಡಿಯಲ್ಲಿ, ಕೆಳಗಿನ ಬೈಂಡಿಂಗ್ ಕೋಣೆಯ ಅಂಟಿನ ವಾಸನೆ ಕುಡಿಯುತ್ತಾ ಬರೆದ ಕಾಡು ಇದು. ನೀವು ಒಮ್ಮೆ ಕಣ್ಣಾಡಿಸಿ ತಪ್ಪು ತಿದ್ದಿ ಕಳಿಸಬೇಕು. ನಿಮ್ಮ ಅಧ್ಯಯನದ ಜಾಗದ ನಕ್ಷೆಯೊಂದಿದ್ದರೆ ಅದನ್ನೂ ಕಳಿಸಿ. ಒಂದು ಪುಟದ ಚಿತ್ರಕ್ಕೆ ಬೇಕು.

ಪುಸ್ತಕವನ್ನು ಅಣ್ಣನಿಗೆ ಅರ್ಪಿಸುತ್ತೇನೆ. ಅವನು ಆ ಕಾಡಿನಲ್ಲಿ ಸತ್ತು ಮೂರು ವರ್ಷವಾಯಿತು. ಅಮ್ಮ ಈಗಲೂ ಬಾಲ್ಕನಿಗೆ ಬರುವುದಿಲ್ಲ. ಎದುರಿನ ರಸ್ತೆಯಲ್ಲಿ ಒಂದು ಮರವಿದೆಯಲ್ಲ, ಅದು ಕಣ್ಣಿಗೆ ಬೀಳುತ್ತದೆ ಎನ್ನುತ್ತಾಳೆ. ಒಣಮರ ನನ್ನ ಮಗನನ್ನು ತಿಂದುಹಾಕಿತು ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಾಳೆ. ನೀವು ಒಂದು ಸಲ ಬಂದು ಹೋಗಬಾರದೇ?

ನಿಮ್ಮ ಮೈದುನ


ಜನವರಿ ೨೪

ಪಂಡಿತನಿಗೆ,

ನಿನ್ನಣ್ಣ ನಿನಗಿಟ್ಟ ಹೆಸರು ಸುಳ್ಳಾಗಲಿಲ್ಲ. ನಿನ್ನ ಪುಸ್ತಕ ಓದಿದೆ. ಎರಡು ಸಲ ಓದಿದೆ, ಯಾಕೆಂದರೆ ಮೊದಲ ಸಲ ಓದುವಾಗ ಅರ್ಧಕ್ಕೇ ಎಸೆದಿದ್ದೆ. ಇಲ್ಲಿನ ಕಾವಲುಗಾರ ಎತ್ತಿ ತಂದು ಮಣ್ಣು ಒರೆಸಿ ಮೇಜಿನ ಮೇಲಿಟ್ಟ.

'ಮರಚಾವಣಿ: ಮರಗಳ ಮೇಲ್ಭಾಗ' ಎಂದು ಬರೆದಿದ್ದೀಯ. ಹಾಗಾದರೆ ಟೋಪಿಯೂ ಮನುಷ್ಯನ ಮೇಲ್ಭಾಗವೇ. ಪಕ್ಕಪಕ್ಕದ ಮರಗಳ ಎಲೆಗಳೆಲ್ಲ ಸೇರಿ ಬೆಳಕನ್ನು ತಡೆಯುವ ಪದರ ಅದು. ಅದನ್ನು ಅಳೆಯಬಹುದು. ಒಂದು ಕೊಳವೆಯಲ್ಲಿ ನೆಟ್ಟಗೆ ಮೇಲೆ ನೋಡಿ ಎಲೆ ಕಂಡಿತೋ ಆಕಾಶ ಕಂಡಿತೋ ಎಂದು ಗುರುತು ಹಾಕುತ್ತಾ ಹೋಗುತ್ತೇವೆ. ನಿನ್ನಣ್ಣ ಹಳೆಯ ಪೈಪಿನ ತುಂಡಿನ ಬಾಯಿಗೆ ದಾರದ ಅಡ್ಡಗೆರೆ ಕಟ್ಟಿ ಆ ಕೊಳವೆ ಮಾಡಿದ್ದ. ನಾನು ಇವತ್ತಿಗೂ ಅದನ್ನೇ ಬಳಸುತ್ತೇನೆ.

'ಎಲೆಹಾಸು: ನೆಲದ ಮೇಲೆ ಬಿದ್ದಿರುವ ಅನುಪಯುಕ್ತ ಎಲೆಗಳು.' ಅನುಪಯುಕ್ತ ಯಾರಿಗಪ್ಪಾ? ನಿನಗೋ, ನಿನ್ನ ಕಚೇರಿಗೋ? ಅದರೊಳಗೆ ಎರೆಹುಳುವಿನಿಂದ ಹಿಡಿದು ಬೂಷ್ಟಿನವರೆಗೆ ಒಂದು ಊರೇ ಇದೆ. ಅದು ಕೊಳೆತರೆ ತಾನೆ ಮರಕ್ಕೆ ಊಟ? 'ಅಂಚು' ಪದಕ್ಕೆ ಬರೆದದ್ದು ಚೆನ್ನಾಗಿದೆ. ಹತ್ತರಲ್ಲಿ ಒಂದಾದರೂ ಸರಿ ಬಂತಲ್ಲ, ನಿನ್ನ ಅಂಟಿನ ಕೋಣೆಗೆ ಜೈ.

ಈಗ ನನ್ನ ಮೈ ಉರಿದ ಎರಡು ಪದಕ್ಕೆ ಬರುತ್ತೇನೆ.

ಒಂದು, 'ಅಳತೆಗೆರೆ: ಅಧ್ಯಯನಕ್ಕಾಗಿ ವಿದ್ಯಾರ್ಥಿ ನಡೆಯುವ ನೇರವಾದ ದಾರಿ.' ದಾರಿಯಲ್ಲ. ನೆಲದ ಮೇಲೆ ಆ ಗೆರೆ ಇರುವುದೇ ಇಲ್ಲ. ಈ ತುದಿಗೊಂದು ಗೂಟ, ಆ ತುದಿಗೊಂದು ಗೂಟ, ಕೈಯಲ್ಲಿ ದಿಕ್ಸೂಚಿ. ನಡುವೆ ಹಗ್ಗ ಎಳೆದು, ಹಗ್ಗದ ಎರಡೂ ಬದಿ ಕಂಡದ್ದನ್ನು ಬರೆದುಕೊಂಡು, ಹಗ್ಗ ಸುತ್ತಿಕೊಂಡು ಬಂದುಬಿಡಬೇಕು. ಗಿಡ ಕಡಿಯಬಾರದು, ಕಾಲ್ಹಾದಿ ಬೀಳಬಾರದು. ದಾರಿಯಾಯಿತೆಂದರೆ ಅಳತೆ ಕೆಟ್ಟಿತು, ಜಾಗವೂ ಕೆಟ್ಟಿತು. ಆ ಪದವನ್ನು ತೆಗಿ.

ಎರಡು, 'ಒಣಮರ: ಸತ್ತು ನಿಂತಿರುವ ಮರ. ಅಪಾಯಕಾರಿ. ಕಂಡೊಡನೆ ತೆಗೆಸತಕ್ಕದ್ದು.' ನೀನು ಬರೆಯುತ್ತಿರುವುದು ಕಾಡಿನ ಪುಸ್ತಕವೋ ಪುರಸಭೆಯ ಸುತ್ತೋಲೆಯೋ? ನಾನೂ ನಿನ್ನಣ್ಣನೂ ಹದಿಮೂರು ವರ್ಷ ಇಲ್ಲಿ ಮಾಡಿದ್ದೇನು ಎಂದು ನಿನಗೆ ಗೊತ್ತೇ ಇಲ್ಲವೇ? ಮರಕುಟಿಗ ಗೂಡು ಕೊರೆಯುವುದು ಒಣಮರದಲ್ಲಿ. ಅದು ಬಿಟ್ಟುಹೋದ ಪೊಟರೆಗೆ ಗೂಬೆ ಬರುತ್ತದೆ, ಗೂಬೆ ಬಿಟ್ಟರೆ ಹಾರುವ ಅಳಿಲು, ಅಳಿಲು ಬಿಟ್ಟರೆ ಬಾವಲಿ, ಜೇನು. ಒಂದು ಮರ ಸತ್ತ ಮೇಲೆ ಬದುಕಿದ್ದಾಗಿನದಕ್ಕಿಂತ ಹೆಚ್ಚು ಜನಕ್ಕೆ ಮನೆ ಕೊಡುತ್ತದೆ. ನಾವು ಓದುತ್ತಿದ್ದದ್ದೇ ಅದನ್ನು. ಆ ಪುಸ್ತಕವನ್ನು ಅವನಿಗೇ ಅರ್ಪಿಸುತ್ತೀಯಾ?

ಕೇಳಿದ ನಕ್ಷೆ ಇಟ್ಟಿದ್ದೇನೆ. ಅಳತೆಗೆರೆಗಳನ್ನು ಕಪ್ಪು ಶಾಯಿಯಲ್ಲಿ ಎಳೆದಿದ್ದೇನೆ, ಅಚ್ಚಿನಲ್ಲಿ ಎದ್ದು ಕಾಣಲಿ ಎಂದು. ಅತ್ತೆಯವರ ಕಾಲಿಗೆ ನಮಸ್ಕಾರ ಹೇಳು. ಬರುತ್ತೇನೆ. ಯಾವಾಗ ಎಂದು ಕೇಳಬೇಡ.

ಅತ್ತಿಗೆ


ಫೆಬ್ರವರಿ ೬

ಅತ್ತಿಗೆ,

ನಿಮ್ಮ ತಿದ್ದುಪಡಿ ತಲುಪಿತು. ತಿದ್ದುಪಡಿಗಿಂತ ಬೈಗುಳ ಜಾಸ್ತಿ ಇತ್ತು, ಇರಲಿ. ಮರಚಾವಣಿ, ಎಲೆಹಾಸು ನೀವು ಹೇಳಿದ ಹಾಗೆಯೇ ಬದಲಾಯಿಸಿದ್ದೇನೆ. 'ಅನುಪಯುಕ್ತ' ಎಂದದ್ದು ನನ್ನ ತಪ್ಪು, ಒಪ್ಪಿದೆ.

ಅಳತೆಗೆರೆಯನ್ನು ಬದಲಾಯಿಸಲಾಗಲಿಲ್ಲ. ನಮ್ಮ ಮುಖ್ಯ ಸಂಪಾದಕರು, "ನೆಲದ ಮೇಲೆ ಇಲ್ಲದ ಗೆರೆ ಅಂದ್ರೆ ಹುಡುಗರಿಗೆ ಏನ್ ಅರ್ಥ ಆಗುತ್ತೆ ರೀ? ನಡೀತಾರೆ ತಾನೆ? ನಡೆದ್ರೆ ದಾರಿ," ಎಂದುಬಿಟ್ಟರು. ಅಷ್ಟು ದೊಡ್ಡ ವಿಷಯವೆಂದು ನನಗೂ ಅನಿಸಲಿಲ್ಲ. ಒಂದು ಪದಕ್ಕೆ ಅವರ ಹತ್ತಿರ ಜಗಳ ಕಾಯಲು ನನಗೆ ನಿಮ್ಮಷ್ಟು ಧೈರ್ಯವಿಲ್ಲ.

ಒಣಮರದ ವಿಷಯದಲ್ಲಿ ಮಾತ್ರ ಬದಲಾಯಿಸುವುದಿಲ್ಲ, ಇದು ನನ್ನದೇ ತೀರ್ಮಾನ. ಗೂಬೆಗೆ ಮನೆಯಂತೆ, ಬಾವಲಿಗೆ ಮನೆಯಂತೆ. ನನ್ನ ಅಣ್ಣನಿಗೆ ಏನಾಯಿತು? ಮೊನ್ನೆಯಷ್ಟೇ ಒಂದು ಶಾಲೆಯ ಮಕ್ಕಳು ಶಿಬಿರಕ್ಕೆ ಹೊರಟಿದ್ದರು. ಬಸ್ಸಿನ ಕಿಟಕಿಯಲ್ಲಿ ಕೈಬೀಸುತ್ತಿದ್ದರು. ಅವರ ತಲೆಯ ಮೇಲೆ ಯಾವ ಒಣಮರ ಕಾದು ನಿಂತಿದೆಯೋ! ಇನ್ನೊಂದು ಮನೆಯಲ್ಲಿ ಇನ್ನೊಬ್ಬ ತಾಯಿ ಬಾಲ್ಕನಿಗೆ ಬರದ ಹಾಗಾಗಬಾರದು. ನನಗೆ ಬೇಕಾದದ್ದು ಇಷ್ಟೇ.

ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಡುತ್ತೇನೆ. ಅಣ್ಣನನ್ನು ಮಣ್ಣು ಮಾಡಿದ ದಿನ ನೀವು ಅಳಲಿಲ್ಲ. ವಾರ ತುಂಬುವ ಮೊದಲೇ ಅಳತೆ ಟೇಪು ಹಿಡಿದು ಅದೇ ಕಾಡಿಗೆ ಹೊರಟಿರಿ. ಅಮ್ಮ ಬಾಗಿಲಲ್ಲಿ ನಿಂತು, "ಅವಳಿಗೆ ಗಂಡ ಹೋದ, ಮರ ಉಳೀತಲ್ಲ, ಸಾಕು," ಎಂದಳು. ನಾನು ಅವಳನ್ನು ಸುಮ್ಮನಾಗಿಸಿದೆ. ಆದರೆ ಈಗ ನಿಮ್ಮ ಪತ್ರ ಓದಿದರೆ ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಅನಿಸುತ್ತದೆ. ಅವನನ್ನು ಕೊಂದ ಜಾತಿಯ ಮರಗಳಿಗೇ ನೀವು ವಕಾಲತ್ತು ವಹಿಸುತ್ತಿದ್ದೀರಿ.

ಪುಸ್ತಕ ಅಚ್ಚಿಗೆ ಹೋಗುತ್ತಿದೆ.

ನಿಮ್ಮ ಮೈದುನ


ಫೆಬ್ರವರಿ ೧೭

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರ ಓದಿ ಧನ್ಯಳಾದೆ. ನಾನು ಎಷ್ಟು ಅತ್ತೆ, ಯಾವಾಗ ಅತ್ತೆ, ಎಲ್ಲಿ ಅತ್ತೆ ಎಂಬುದಕ್ಕೂ ಒಂದು ವ್ಯಾಖ್ಯೆ ಬರೆದು ಆ ಪುಸ್ತಕದ ಕೊನೆಗೆ ಸೇರಿಸಿಬಿಡಿ. 'ವಿಧವೆ: ಜನ ನೋಡುತ್ತಿರುವಾಗ ಅಳತಕ್ಕವಳು.' ಎರಡೇ ಸಾಲು, ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ವಾರದೊಳಗೆ ಯಾಕೆ ಹೊರಟೆ ಗೊತ್ತೇ? ಗೂಡಿನಲ್ಲಿ ಮರಿಗಳಿದ್ದವು. ಅವನು ಹೋದ ದಿನವೂ ತಾಯಿಹಕ್ಕಿ ಗುಟುಕು ತಂದಿರುತ್ತದೆ, ಮರುದಿನವೂ ತಂದಿರುತ್ತದೆ. ಅವನು ವರ್ಷವೆಲ್ಲ ಕಾದದ್ದು ಆ ಹದಿನೈದು ಇಪ್ಪತ್ತು ದಿನಕ್ಕೆ. ಅದನ್ನು ಬಿಟ್ಟು ನಿಮ್ಮ ಮನೆಯ ಸೋಫಾದ ಮೇಲೆ ಕೂತು ಬಂದವರಿಗೆಲ್ಲ ಮುಖ ತೋರಿಸಿದ್ದರೆ ಅವನಿಗೇನು ಸಿಗುತ್ತಿತ್ತು? ನಾನು ಇಲ್ಲಿಗೆ ಬಂದು ಅವನ ಉದ್ದನೆಯ ಕೋಲು ತೆಗೆದುಕೊಂಡೆ, ತುದಿಗೆ ಕನ್ನಡಿ ಕಟ್ಟಿದ್ದ ಕೋಲು. ಪೊಟರೆಯ ಬಾಯಿಗೆ ಹಿಡಿದು ಕನ್ನಡಿಯಲ್ಲಿ ಮರಿ ಎಣಿಸಿದೆ. ಕನ್ನಡಿ ಸರಿಯಾಗಿ ಕಾಣುತ್ತಿರಲಿಲ್ಲ, ಯಾಕೆ ಎಂದು ಪಂಡಿತರೇ ಊಹಿಸಿಕೊಳ್ಳಿ.

ಒಣಮರದಿಂದ ಅಪಾಯವೇ ಇಲ್ಲ ಎಂದು ನಾನು ಎಲ್ಲಿ ಹೇಳಿದೆ? ಗಾಳಿಯಿದ್ದಾಗ ಕೆಳಗೆ ನಿಲ್ಲಬೇಡ, ಊಟಕ್ಕೆ ಕೂರುವ ಮುಂಚೆ ತಲೆಯೆತ್ತಿ ನೋಡು, ಶಿಬಿರದ ಹತ್ತಿರದ್ದನ್ನು, ಕಾಲ್ಹಾದಿಯ ಮೇಲೆ ವಾಲಿದ್ದನ್ನು ಕಡಿಸು. ಇಷ್ಟು ಬರೆದರೆ ಸಾಕು. 'ಕಂಡೊಡನೆ ತೆಗೆಸತಕ್ಕದ್ದು' ಎಂಬ ಆ ಒಂದು ಸಾಲು ಹೊಡೆದುಹಾಕು. ಅದನ್ನು ಓದಿದ ಯಾವನೋ ಒಬ್ಬ ಅಧಿಕಾರಿ ಗರಗಸ ಹಿಡಿದು ಬರುತ್ತಾನೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಅವರು. ನಿನಗೆ ಅವರು ಗೊತ್ತಿಲ್ಲ, ನನಗೆ ಗೊತ್ತು.

ಇನ್ನೊಂದು ಮಾತು. ಆ ದಿನ ಏನಾಯಿತು ಎಂದು ನನ್ನನ್ನು ನಿಮ್ಮಲ್ಲಿ ಯಾರೂ ಕೇಳಲಿಲ್ಲ. ಎಲ್ಲರೂ ನನಗೇ ಹೇಳಿದಿರಿ.

ನಿಮ್ಮ ಅಣ್ಣನ ಹೆಂಡತಿ


ಮಾರ್ಚ್ ೩

ಅತ್ತಿಗೆ,

ಪುಸ್ತಕ ಬಂತು. ಒಂದು ಪ್ರತಿ ಇದರ ಜೊತೆ ಇದೆ. ಮೊದಲ ಪುಟದಲ್ಲಿ ಅಣ್ಣನ ನೆನಪಿಗೆ ಎಂದು ಅಚ್ಚಾಗಿದೆ. ನೋಡಿ ಬೇಕಾದರೆ ಮತ್ತೆ ಎಸೆಯಿರಿ.

ನಿಮಗೆ ಇಷ್ಟವಾಗುವುದಿಲ್ಲ ಎಂದು ಗೊತ್ತಿದ್ದೂ ಹೇಳಲೇಬೇಕಾದ ಒಂದು ವಿಷಯವಿದೆ. ಒಣಮರದ ಬಗ್ಗೆ ನಾನು ಬರೆದದ್ದನ್ನು ಅರಣ್ಯ ಇಲಾಖೆ ನಿಯಮವನ್ನಾಗಿಯೇ ಮಾಡಿಕೊಂಡಿದೆ. ವಿದ್ಯಾರ್ಥಿಗಳು ಹೋಗುವ ಕಾಡುಗಳಲ್ಲಿ, ದಾರಿಯ ಎರಡೂ ಬದಿ, ಒಂದೂವರೆ ಮರದೆತ್ತರದ ದೂರದೊಳಗಿನ ಒಣಮರಗಳನ್ನೆಲ್ಲ ತೆಗೆಯುತ್ತಾರೆ. ಮೊದಲು ಅಣ್ಣನ ಕಾಡಿನಲ್ಲೇ ಆಗಲಿ ಎಂದು ಕೇಳಿಕೊಂಡವನು ನಾನು. ನಾನೇ ಅರ್ಜಿ ಬರೆದು, ಪುಸ್ತಕದ ಪ್ರತಿಯನ್ನೂ ನಿಮ್ಮ ನಕ್ಷೆಯನ್ನೂ ಲಗತ್ತಿಸಿ ಕೊಟ್ಟೆ. ನವೆಂಬರಿನಿಂದಲೇ ಮಾತಾಡುತ್ತಿದ್ದೆ. ನಿಮಗೆ ಹೇಳಿದ್ದರೆ ಬೇಡ ಎನ್ನುತ್ತಿದ್ದಿರಿ ಎಂದು ಹೇಳಲಿಲ್ಲ. ನಿಮ್ಮ ಕಾಡಿನಲ್ಲಿ ದಾರಿ ಇರುವುದೇ ಒಂದು, ಗೇಟಿನಿಂದ ಶಿಬಿರಕ್ಕೆ. ಹೆಚ್ಚೆಂದರೆ ಏಳೆಂಟು ಮರ ಹೋಗಬಹುದು. ಅಷ್ಟಕ್ಕೆ ನಿಮ್ಮ ಗೂಬೆಗಳೇನೂ ಬೀದಿಪಾಲಾಗುವುದಿಲ್ಲ.

ಅಮ್ಮನಿಗೆ ಹೇಳಿದೆ. "ಎಲ್ಲಾ ಕಡಿಸ್ತೀಯೇನೋ? ನಿಜವಾಗ್ಲೂ?" ಎಂದು ಮೂರು ಸಲ ಕೇಳಿದಳು. ಆಮೇಲೆ ತಟ್ಟೆ ಹಾಕಿಕೊಂಡು ಕೂತು ಹೊಟ್ಟೆ ತುಂಬ ಊಟ ಮಾಡಿದಳು. ಸಂಜೆ ಬಾಲ್ಕನಿಯ ಬಾಗಿಲು ತೆಗೆದು ಕುರ್ಚಿ ಎಳೆದುಕೊಂಡು ಹೊರಗೆ ಕೂತಳು. ನಾನು ಅಡುಗೆಮನೆಯಲ್ಲಿ ನಿಂತು ಅವಳ ಬೆನ್ನು ನೋಡುತ್ತಾ ಅತ್ತೆ. ನೀವು ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟಾಗಿ. ಅವಳನ್ನು ಹಾಗೆ ನೋಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ನಿಮ್ಮ ಮೈದುನ


ಮಾರ್ಚ್ ೮

ಈ ಪತ್ರ ಕೈಗೆ ಬಂದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಇಲಾಖೆಗೆ ಓಡು. ಓದುತ್ತಾ ಓಡು.

ಏಳೆಂಟು ಮರವಂತೆ! ನಿನ್ನೆ ಇಬ್ಬರು ಬಂದು ಮರಗಳಿಗೆ ಕೆಂಪು ಪಟ್ಟಿ ಕಟ್ಟಿ ಹೋದರು. ದಾರಿಯ ಬದಿ ಕಟ್ಟಿದರು, ಸರಿ. ಆಮೇಲೆ ಕಾಡಿನೊಳಕ್ಕೆ ನುಗ್ಗಿದರು. ನಾನು ಹಿಂದೆಯೇ ಓಡಿ, "ಎಲ್ಲಿಗೆ ಹೋಗ್ತಿದ್ದೀರಿ? ಅಲ್ಲಿ ದಾರಿ ಇಲ್ಲ," ಎಂದೆ. ಅವರಲ್ಲೊಬ್ಬ ನಕ್ಷೆ ಬಿಡಿಸಿ ತೋರಿಸಿದ. ನನ್ನ ನಕ್ಷೆ. ನನ್ನ ಕೈಬರಹ. "ಇಲ್ಲೇ ಇದೆಯಲ್ಲ ಮೇಡಂ, ಇದು ಒಂದು ದಾರಿ, ಇದು ಒಂದು, ಇದು ಒಂದು," ಎಂದು ಕಪ್ಪು ಗೆರೆಗಳ ಮೇಲೆಲ್ಲ ಬೆರಳಾಡಿಸಿದ.

ಈಗ ಅರ್ಥವಾಯಿತೇ ಪಂಡಿತ? ನಿನ್ನ ಪುಸ್ತಕದ ಒಂದು ಪುಟದಲ್ಲಿ ಅಳತೆಗೆರೆ ಎಂದರೆ ದಾರಿ. ಇನ್ನೊಂದು ಪುಟದಲ್ಲಿ ಒಣಮರ ಎಂದರೆ ತೆಗೆಸತಕ್ಕದ್ದು. ಎರಡು ಪುಟವನ್ನೂ ನನ್ನ ನಕ್ಷೆಯನ್ನೂ ಒಟ್ಟಿಗಿಟ್ಟು ನೋಡು. ನಾವು ಆ ಗೆರೆಗಳನ್ನು ಎಳೆದದ್ದೇ ಕಾಡಿನ ಯಾವ ಮೂಲೆಯೂ ಕಣ್ಣು ತಪ್ಪದಿರಲಿ ಎಂದು, ಒಂದರ ಪಕ್ಕ ಒಂದು. ಪ್ರತಿ ಗೆರೆಯ ಎರಡೂ ಬದಿ ಒಂದೂವರೆ ಮರದೆತ್ತರ ಅಳೆದರೆ ನಡುವೆ ಉಳಿಯುವ ಮರ ಒಂದೂ ಇಲ್ಲ. ಇಡೀ ಕಾಡಿನ ಒಣಮರಗಳಿಗೆ ಕೆಂಪು ಪಟ್ಟಿ ಬಿದ್ದಿದೆ. ನಿನ್ನಣ್ಣ ಹದಿಮೂರು ವರ್ಷ, ಅವನಿಲ್ಲದೆ ನಾನು ಮೂರು ವರ್ಷ ಹಿಂಬಾಲಿಸಿದ ಮರಗಳು. ಈಗ ಮಾರ್ಚ್. ಮರಕುಟಿಗಗಳು ಮೊಟ್ಟೆಯಿಟ್ಟಾಗಿದೆ, ಗೂಬೆಯ ಪೊಟರೆಯಲ್ಲಿ ಮೊಟ್ಟೆಯೊಡೆದು ಮರಿಗಳಾಗಿವೆ.

ನಾನು ಗೇಟಿನ ಅಧಿಕಾರಿಯ ಕಾಲು ಹಿಡಿಯುವುದೊಂದು ಬಾಕಿ. "ಮೇಲಿನ ಆದೇಶ ಮೇಡಂ. ಪುಸ್ತಕ ಬರೆದವರೇ ಬರೆದು ಕೊಟ್ರೆ ಮೇಲಿನವರು ನಿಲ್ಲಿಸಬಹುದು," ಎಂದ. ಪುಸ್ತಕ ಬರೆದವನು ನೀನು. ನಿನ್ನ ಒಂದು ಸಹಿ ಸಾಕು. ನಿನ್ನ ಮೇಲಿನ ಸಿಟ್ಟನ್ನೆಲ್ಲ ಮಡಿಸಿ ಬದಿಗಿಡುತ್ತೇನೆ, ಅಂಗಲಾಚಿ ಕೇಳುತ್ತೇನೆ. ಹೋಗು, ಬರೆದು ಕೊಡು. ನೀನೇ ಹತ್ತಿಸಿದ ಬೆಂಕಿ, ನೀನೇ ಆರಿಸು.

ಅತ್ತಿಗೆ


ಮಾರ್ಚ್ ೧೫

ಅತ್ತಿಗೆ,

ನಿಮ್ಮ ಪತ್ರ ನನ್ನ ಕೈ ಸೇರಿದ್ದು ನಿನ್ನೆ. ಕೂಡಲೇ ಹೋದೆ. ಕಚೇರಿಗೆ ರಜೆಯನ್ನೂ ಹಾಕದೆ ಹೋದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಉದ್ದನೆಯ ಕೋಣೆ, ಗೋಡೆಯ ತುಂಬ ಹಸಿರು ಬಣ್ಣದ ನಕ್ಷೆಗಳು, ಕುಂಡದಲ್ಲಿ ಒಂದು ಪ್ಲಾಸ್ಟಿಕ್ ಗಿಡ. ಸಾಹೇಬರು ಎದುರಿಗೆ ಕೂರಿಸಿಕೊಂಡು ಚಹಾ ತರಿಸಿದರು. ನಾನು ಗೆರೆಗಳ ವಿಷಯ ಹೇಳಿದೆ.

"ನಿಮ್ಮ ಪುಸ್ತಕದಲ್ಲೇ ಇದೆಯಲ್ರೀ, ಗೆರೆ ಅಂದ್ರೆ ದಾರಿ ಅಂತ. ನಾವೇನು ಹೊಸದಾಗಿ ಕಂಡುಹಿಡಿದ್ವಾ?"

"ಅದು ತಪ್ಪು ಸಾರ್. ನನ್ನದೇ ತಪ್ಪು. ಹಾಗಂತ ಬರೆದುಕೊಡ್ತೀನಿ."

"ಬರೆದುಕೊಡಿ. ದಾರಿ ಅಲ್ಲ ಅಂತಲೇ ಇಟ್ಕೊಳ್ಳೋಣ. ಆದ್ರೆ ಮಕ್ಕಳು ಆ ಗೆರೆ ಮೇಲೆ ಓಡಾಡ್ತಾರೆ ತಾನೆ? ಮೇಲಿಂದ ಬೀಳೋ ಮರಕ್ಕೆ ಇದು ಗೆರೆ, ಇದು ದಾರಿ ಅಂತ ಗೊತ್ತಾಗುತ್ತಾ?"

ಅವರು ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ಸರಿಸಿದರು.

"ಒಂದು ಕೆಲಸ ಮಾಡಿ. ಈ ಒಣಮರಗಳನ್ನ ಹಾಗೇ ಬಿಟ್ರೆ ತೊಂದರೆ ಇಲ್ಲ, ತೆಗೆಯೋದು ಬೇಡ ಅಂತ ಬರೆದು ಸಹಿ ಹಾಕಿ. ಈಗಲೇ ಫೋನ್ ಮಾಡಿ ನಿಲ್ಲಿಸ್ತೀನಿ. ನಿಮ್ಮ ಅಣ್ಣ ಅಲ್ಲೇ ಹೋದದ್ದು ಅಂತ ನೀವೇ ಅರ್ಜಿಯಲ್ಲಿ ಬರೆದಿದ್ರಿ. ಆದ್ರೂ ಬಿಡಬಹುದು ಅಂತೀರಾ, ಬರೀರಿ."

ಪೆನ್ನು ಹಿಡಿದೆ. ಎಷ್ಟು ಹೊತ್ತು ಹಿಡಿದಿದ್ದೆನೋ, ಚಹಾದ ಮೇಲೆ ಕೆನೆಗಟ್ಟಿತು. ಅಳತೆಗೆರೆ ದಾರಿಯಲ್ಲ ಎಂದು ಒಂದು ಸಾಲು ಬರೆದೆ. ಎರಡನೇ ಸಾಲು ಬರೆಯಲು ಕೈ ಬರಲಿಲ್ಲ ಅತ್ತಿಗೆ. ಒಣಮರದಿಂದ ತೊಂದರೆಯಿಲ್ಲ ಎಂದು ನಾನು ಹೇಗೆ ಬರೆಯಲಿ? ನಾಳೆ ಯಾವುದೋ ಮಗುವಿನ ಮೇಲೆ ಬಿದ್ದರೆ? ಅಣ್ಣನ ಮುಖ ಕಣ್ಣ ಮುಂದೆ ಬಂತು. ಅಮ್ಮನ ಮುಖ ಬಂತು. ಪೆನ್ನು ಕೆಳಗಿಟ್ಟೆ. "ಹಾಗಾದ್ರೆ ಎರಡನೇ ಮುದ್ರಣದಲ್ಲಿ ಗೆರೆ ಸರಿಮಾಡಿ," ಎಂದು ಸಾಹೇಬರು ಎದ್ದುಬಿಟ್ಟರು. ಮೆಟ್ಟಿಲಿಳಿಯುವಾಗ ಅವರ ಮೇಲೆ, ನನ್ನ ಮೇಲೆ, ನಿಮ್ಮ ಮೇಲೂ ಎಂಥ ಸಿಟ್ಟು ಬಂತೆಂದರೆ ಗೋಡೆಗೆ ಗುದ್ದಿದೆ. ಬೆರಳು ಊದಿಕೊಂಡಿದೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ನೀವು ಅವರನ್ನು ತಡೆಯಿರಿ. ನಿಮ್ಮ ಮಾತು ಕೇಳಿಯಾರು. ನನ್ನಿಂದ ಆಗಲಿಲ್ಲ.

ನಿಮ್ಮ ಮೈದುನ


ಮಾರ್ಚ್ ೨೩

ಪಂಡಿತ,

ನಿನ್ನ ಪತ್ರ ತಂದ ಜೀಪು ಕಡಿದ ಮರದ ದಿಮ್ಮಿಗಳನ್ನು ಬಳಸಿಕೊಂಡು ಒಳಗೆ ಬಂತು. ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅದರ ಹಾಗೆ. ಕೆಲಸವೆಲ್ಲ ಮುಗಿದಿದೆ.

ನಾನು ತಡೆದೆ. ನೀನು ಹೇಳದಿದ್ದರೂ ತಡೆಯುತ್ತಿದ್ದೆ. ಗೂಬೆಯ ಮರಕ್ಕೆ ಬೆನ್ನು ಕೊಟ್ಟು ನಿಂತೆ. ಕಡಿಯುವವರ ಮೇಸ್ತ್ರಿ ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. "ನೀವು ಅಲ್ಲಿ ನಿಂತ್ಕೊಂಡ್ರೆ ನಾವು ಪಕ್ಕದ್ದು ಕಡೀತೀವಿ ಅಮ್ಮ. ನೀವು ಒಬ್ರೇ, ಮರ ಎಷ್ಟಿವೆ ನೋಡಿ," ಎಂದ. ಪಕ್ಕದ್ದು ಬಿತ್ತು. ನಾನು ಅದರತ್ತ ಓಡಿದೆ. ಓಡಿದ್ದೇ ತಡ ಗೂಬೆಯ ಮರಕ್ಕೆ ಗರಗಸ ಇಟ್ಟರು. ಬೆಳಗಿನಿಂದ ಹೀಗೇ ಹುಚ್ಚಿಯ ಹಾಗೆ ಮರದಿಂದ ಮರಕ್ಕೆ ಓಡಿದೆ. ಮರಕುಟಿಗದ ಮರ ಬೀಳುವಾಗ ಪೊಟರೆ ಇದ್ದಲ್ಲೇ ಸೀಳಿತು. ಕಣ್ಣು ಕೂಡ ಬಿಡದ ಮರಿಗಳು ಮರದ ಪುಡಿಯಲ್ಲಿ ಹೊರಳಾಡುತ್ತಿದ್ದವು. ಮೇಸ್ತ್ರಿಯ ಕೈಯಾಳೊಬ್ಬ ಅವನ್ನು ಟೋಪಿಯೊಳಗೆ ಎತ್ತಿ ನನಗೆ ಕೊಟ್ಟ. ಏನು ಮಾಡಲಿ ಅವನ್ನು? ಸಂಜೆಯೊಳಗೆ ಸತ್ತವು. ತಾಯಿಹಕ್ಕಿ ಬಾಯಲ್ಲಿ ಹುಳ ಹಿಡಿದುಕೊಂಡು, ಮರವಿದ್ದ ಎತ್ತರದಲ್ಲಿ, ಮರವಿಲ್ಲದ ಗಾಳಿಯಲ್ಲಿ ಸುತ್ತು ಹೊಡೆಯುತ್ತಿತ್ತು. ನಿನ್ನ ಪುಸ್ತಕದಲ್ಲಿ ಇದಕ್ಕೆ ಪದವಿದೆಯೇ?

ಮಧ್ಯಾಹ್ನ ಅವರು ಊಟಕ್ಕೆ ಕೂತರು. ದಾರಿಯ ಬದಿಯಲ್ಲಿ ಒಂದು ದೊಡ್ಡ ಮರವಿದೆ, ಒಳ್ಳೆಯ ನೆರಳು. ಮೇಸ್ತ್ರಿ ನನ್ನನ್ನೂ ಕರೆದ. "ಬನ್ನಿ ಅಮ್ಮ, ಬಿಸಿಲಲ್ಲಿ ಯಾಕೆ ನಿಂತಿದ್ದೀರ? ಈ ಮರ ಗಟ್ಟಿ. ನೋಡಿ ಎಷ್ಟು ಹಸಿರಾಗಿದೆ, ಪಟ್ಟಿನೂ ಕಟ್ಟಿಲ್ಲ. ಇದ್ರ ಕೆಳಗೆ ಏನೂ ಆಗಲ್ಲ," ಎಂದ.

ನಿನ್ನಣ್ಣ ಸತ್ತದ್ದು ಆ ಮರದ ಕೆಳಗೆ.

ಹೌದು, ಹಸಿಮರ. ಅವತ್ತು ಗಾಳಿ ಇರಲಿಲ್ಲ, ಒಂದೆಲೆ ಅಲುಗುತ್ತಿರಲಿಲ್ಲ. ಅವನು ಬೇರಿನ ಮೇಲೆ ಕೂತು ಆ ಕೊಳವೆಗೆ ದಾರ ಕಟ್ಟುತ್ತಿದ್ದ. ನಾನು ನೀರಿನ ಬಾಟಲಿ ತರಲು ಹತ್ತು ಹೆಜ್ಜೆ ಹೋಗಿದ್ದೆ. ಸದ್ದಾಗಿ ತಿರುಗಿದೆ. ಆ ಕೊಂಬೆಯ ತುಂಬ ಎಲೆಯಿತ್ತು, ಎಳೆಯ ಚಿಗುರೂ ಇತ್ತು. ಒಂದಿಷ್ಟೂ ಕೊಳೆತಿರಲಿಲ್ಲ, ಹುಳು ತಿಂದಿರಲಿಲ್ಲ. ಮುರಿದ ಜಾಗವನ್ನು ನಾನೇ ಎಷ್ಟು ಸಲ ಮುಟ್ಟಿ ನೋಡಿದೆ, ಏನಾದರೂ ಕಾರಣ ಸಿಗಬಹುದೆಂದು. ಕೆಲವೊಮ್ಮೆ ಚೆನ್ನಾಗಿರುವ ಮರವೂ ಬಿಸಿಲ ದಿನ ಸುಮ್ಮನೆ ಕೊಂಬೆ ಬಿಡುತ್ತದೆ. ಯಾಕೆ ಎಂದು ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಅವನನ್ನು ತಂದ ದಿನ ಅತ್ತೆ ಬಾಗಿಲಲ್ಲೇ ನನ್ನ ಎರಡೂ ತೋಳು ಹಿಡಿದು, "ಒಣಮರ ಅಂತಲ್ಲೇ, ಹೌದಾ? ಹಾಳಾದ್ದು ಒಣಮರ ಅಂತಲ್ಲೇ?" ಎಂದರು. ಯಾರು ಹೇಳಿದ್ದರೋ ಏನೋ. ನಾನು ಹೂಂ ಎಂದೆ. ಶಪಿಸಲು ಅವರಿಗೆ ಏನಾದರೂ ಬೇಕಿತ್ತು. ಏನೂ ಇರಲಿಲ್ಲ ಅತ್ತೆ, ಸುಮ್ಮನೆ ಬಿತ್ತು ಎಂದು ಹೆತ್ತವಳಿಗೆ ಹೇಗೆ ಹೇಳಲಿ? ನೀನು ಒಂದು ಸಲ ಕೇಳಿದ್ದರೆ ನಿನಗೆ ಹೇಳುತ್ತಿದ್ದೆ. ನೀನು ಕೇಳದೆ ಪುಸ್ತಕ ಬರೆದೆ. ಮೊದಲ ಪತ್ರದಲ್ಲೇ ಇದನ್ನು ನಿನಗೆ ಬರೆದಿದ್ದರೆ ಮೊನ್ನೆ ನಿನ್ನ ಕೈ ಬರುತ್ತಿತ್ತೇನೋ. ಆ ಸಿಟ್ಟು ನನ್ನ ಮೇಲಿನದು, ನಾನೇ ಇಟ್ಟುಕೊಳ್ಳುತ್ತೇನೆ. ಉಳಿದದ್ದೆಲ್ಲ ನಿನ್ನದು.

ಈಗ ಈ ಕಾಡಿನಲ್ಲಿ ಒಣಮರ ಒಂದೂ ಇಲ್ಲ. ನಿನ್ನ ನಿಯಮದ ಪ್ರಕಾರ ಇದು ಅಪಾಯವಿಲ್ಲದ ಕಾಡು. ಬರುವ ತಿಂಗಳು ನಿನ್ನ ಪುಸ್ತಕ ಹಿಡಿದುಕೊಂಡು ಬರುವ ಮಕ್ಕಳನ್ನು ಅವರ ಮೇಷ್ಟ್ರು ಆ ಹಸಿಮರದ ನೆರಳಿನಲ್ಲೇ ಕೂರಿಸುತ್ತಾರೆ, ಬೇರೆಲ್ಲೂ ಅಷ್ಟು ನೆರಳಿಲ್ಲ. ಗಾಬರಿಯಾಗಿ ಅದನ್ನೂ ಕಡಿಸಲು ಅರ್ಜಿ ಬರೆಯಬೇಡ. ಕಡಿಸುತ್ತಾ ಹೋದರೆ ಎಲ್ಲಿಗೆ ನಿಲ್ಲಿಸುತ್ತೀಯ?

ಅತ್ತೆ ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ ಎಂದು ನೀನು ಬರೆದಿದ್ದೆ. ಸಂತೋಷ. ಮಗ ಯಾವ ಮರದ ಕೆಳಗೆ ಹೋದ ಎಂದು ಅವರಿಗೆ ಹೇಳುತ್ತೀಯೋ ಬಿಡುತ್ತೀಯೋ, ಇನ್ನು ಅದು ನಿನಗೆ ಸೇರಿದ್ದು. ದಿನವೂ ಅವರ ಎದುರಿಗೆ ಊಟಕ್ಕೆ ಕೂರುವವನು ನೀನು. ಇಷ್ಟು ದಿನ ನಾನೊಬ್ಬಳೇ ಹೊತ್ತೆ, ಈಗ ನೀನು ಹೊರು.

ಅತ್ತಿಗೆ